ಅಂಗೈಯಗಲದ ತೋಟ: ಲಾಭವೋ, ತಲೆನೋವೋ?

ಹತ್ತಡಿ ಜಾಗವಿದ್ದರೆ ಸಾಕು, ಮನೆಮಂದಿಗೆಲ್ಲ ಆಗುವಷ್ಟು ತರಕಾರಿ ಬೆಳೆಯಬಹುದು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಕೇಳೋದಕ್ಕೆ ಹಿತವಾಗಿಯೇ ಇದೆ. ಆದರೆ ಆ ಹತ್ತಡಿಗೆ ನೀರು ಹೊರುವವರು ಯಾರು, ಗೊಬ್ಬರ ಎಲ್ಲಿಂದ ಬರಬೇಕು, ಒಲೆ, ಮಕ್ಕಳು, ದನಕರು ಎಲ್ಲ ನೋಡಿಕೊಂಡು ದಣಿದ ಗೃಹಿಣಿಯ ಬೆನ್ನು ಏನಾಗಬೇಕು ಎಂಬ ಲೆಕ್ಕ ಹೇಳುವವರು ಕಡಿಮೆ. ಈ ಲೆಕ್ಕವನ್ನು ಒಮ್ಮೆ ಸರಿಯಾಗಿ ಹಾಕಿ ನೋಡೋಣ. ಅದಕ್ಕಾಗಿ ನನ್ನ ಜೊತೆ ಮಂಡ್ಯ ಸೀಮೆಗೆ ಬನ್ನಿ.

ಮಂಡ್ಯವೇ ಯಾಕೆ ಅಂತೀರಾ? ನಾಲೆಯ ನೀರು, ತೆಂಗಿನ ನೆರಳು, ಕೆಮ್ಮಣ್ಣಿನ ಒಣ ನೆಲ ಈ ಮೂರೂ ಒಂದೇ ಜಿಲ್ಲೆಯಲ್ಲಿ, ಒಂದು ದಿನದ ಓಡಾಟದೊಳಗೆ ಸಿಗುತ್ತವೆ. ನಿಮ್ಮ ಹಿತ್ತಲು ಈ ಮೂರರಲ್ಲಿ ಒಂದನ್ನು ಹೋಲದೆ ಇರದು. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕಾರುಗಳೆಲ್ಲ ಮದ್ದೂರು, ಮಂಡ್ಯಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹಾರಿಹೋಗುತ್ತವೆ. ಹಿತ್ತಲುಗಳನ್ನು ನೋಡಬೇಕಾದರೆ ರೈಲೇ ವಾಸಿ. ಮೊದಲು ನೇರ ಮಂಡ್ಯಕ್ಕೆ ಹೋಗಿಬಿಡೋಣ. ವಾಪಸು ಬರುವಾಗ ಮದ್ದೂರಿನಲ್ಲಿ ಇಳಿದು ಮಳವಳ್ಳಿ ಬಸ್ಸು ಹಿಡಿದರಾಯಿತು.

ಪದ್ಧತಿ ಏನು?

ಹೊರಡುವ ಮೊದಲು ಎರಡು ಮಾತು. ಇಕ್ಕಟ್ಟಾದ ಜಾಗದಲ್ಲಿ ಒತ್ತಾಗಿ ತರಕಾರಿ ಬೆಳೆಯುವುದನ್ನು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದ ತೋಟಗಾರರು ದೊಡ್ಡ ಕಸುಬಾಗಿಯೇ ಮಾಡಿದ್ದರು. ಊರಿನ ಕುದುರೆ ಲಾಯಗಳ ಗೊಬ್ಬರ ಅವರಿಗೆ ಬೇಕಾದಷ್ಟು ಸಿಗುತ್ತಿತ್ತು. ಅಮೆರಿಕದ ಜಾನ್ ಜೀವನ್ಸ್ 1974ರಲ್ಲಿ ಇದರ ಮೇಲೆ ಪುಸ್ತಕ ಬರೆದ ಮೇಲೆ ಮನೆಮನೆಯವರೂ ಇದಕ್ಕೆ ಕೈಹಾಕಿದರು. ವಿಧಾನ ಇಷ್ಟೇ: ಎರಡು ಗುದ್ದಲಿಯಷ್ಟು ಆಳಕ್ಕೆ ಮಣ್ಣು ಸಡಿಲ ಮಾಡುವುದು, ಚೆನ್ನಾಗಿ ಕಳಿತ ಗೊಬ್ಬರ ತುಂಬುವುದು, ಎಲೆಗೆ ಎಲೆ ತಾಗುವಷ್ಟು ಹತ್ತಿರ ಗಿಡ ಕೂರಿಸುವುದು, ಒಂದು ಬೆಳೆ ತೆಗೆದ ವಾರದೊಳಗೆ ಇನ್ನೊಂದನ್ನು ಹಾಕುವುದು. ಎಲೆಗಳು ನೆಲ ಮುಚ್ಚುವುದರಿಂದ ಕಳೆ ಕಡಿಮೆ, ತೇವವೂ ಬೇಗ ಆರುವುದಿಲ್ಲ. ಮಡಿಯ ಅಗಲ ನಾಲ್ಕಡಿ ಮೀರಬಾರದು. ಎರಡೂ ಕಡೆಯಿಂದ ಕೈ ಎಟುಕಬೇಕು, ಒಳಗೆ ಕಾಲಿಡಬಾರದು.

ನೀರಿನ ಊರು ಮಂಡ್ಯ

ಮಂಡ್ಯ ಮೊದಲಿನಿಂದ ಹಸಿರಾಗಿರಲಿಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿದು, 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ ನೀರು ಹರಿದ ಮೇಲೆ ರಾಗಿಯ ಹೊಲಗಳು ಕಬ್ಬು, ಭತ್ತದ ಗದ್ದೆಗಳಾದವು. ಆ ನಾಲೆಯೇ ಇಂದಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ಊರ ಹೊರಗಿನ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ 'ಇಂಡಾಫ್' ತಳಿಗಳನ್ನು ತೆಗೆದು ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದರು. ಅಲ್ಲೇ ಇರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು, ಬೀಜ, ಹುಳುಹುಪ್ಪಟೆ ವಿಚಾರ ಕೇಳಬಹುದು. ಹೆಂಗಸರೊಬ್ಬರೇ ಹೋದರೂ ಸಂಕೋಚ ಪಡಬೇಕಿಲ್ಲ.

ರಾಗಿ ಮುದ್ದೆ ಇದ್ದ ಕಡೆ ಸೊಪ್ಪಿನ ಸಾರು ಇರಲೇಬೇಕಲ್ಲ. ಆ ಸೊಪ್ಪು ಹಿಂದೆ ಎಲ್ಲಿಂದ ಬರುತ್ತಿತ್ತು ಗೊತ್ತೆ? ಕಾಸು ಕೊಟ್ಟು ತಂದದ್ದಲ್ಲ, ಬಿತ್ತಿ ಬೆಳೆದದ್ದೂ ಅಲ್ಲ. ಕಳೆ ಕೀಳಲು ಹೋದ ಹೆಂಗಸರು ಮನೆಗೆ ಮರಳುವಾಗ ಮಡಿಲಲ್ಲಿ ಅಣ್ಣೆಸೊಪ್ಪು, ಗಣಿಕೆಸೊಪ್ಪು, ಗೋಣಿಸೊಪ್ಪು, ಗದ್ದೆ ಬದುವಿನ ಹೊನಗೊನೆ ಎಲ್ಲ ಸೇರಿಸಿ ತರುತ್ತಿದ್ದರು. ಬೆರಕೆ ಸೊಪ್ಪು ಅಂತಲೇ ಅದರ ಹೆಸರು. ಮಂಡ್ಯದ ಹತ್ತಿರದ ಹಳ್ಳಿಯೊಂದರಲ್ಲಿ ಹಿತ್ತಲ ಮಡಿಗೆ ನೀರು ಹಾಕುತ್ತಿದ್ದ ಅಜ್ಜಿಯನ್ನು "ಗದ್ದೆ ಕಡೆ ಸೊಪ್ಪು ಸಿಗೋದಿಲ್ವಾ ಅಜ್ಜಿ?" ಎಂದು ಕೇಳಿದೆ. "ಸಿಕ್ತದೆ ಕಣವ್ವ, ಆದ್ರೆ ಕಿತ್ಕೊಂಡು ಬರಕ್ಕೆ ಧೈರ್ಯ ಎಲ್ಲೈತೆ? ಯಾವ ಬದಕ್ಕೆ ಕಳೆ ಔಷ್ದಿ ಹೊಡ್ದವ್ರೋ ಯಾರ್ಗೊತ್ತು" ಅಂದರು.

ಈ ಒಂದು ಮಾತಿನಲ್ಲಿ ವಿಷಯವೆಲ್ಲ ಇದೆ ನೋಡಿ. ಕೂಲಿಯಾಳು ಸಿಗದೆ ಹೊಲ ಗದ್ದೆಗೆ ಕಳೆನಾಶಕ ಬಂತು. ಪುಕ್ಕಟೆಯಾಗಿ ಬರುತ್ತಿದ್ದ ಸೊಪ್ಪು ಅನುಮಾನದ ಸೊಪ್ಪಾಯಿತು. ಹಾಗಾಗಿ ಹಿತ್ತಲ ಮಡಿ ಇಲ್ಲಿ ಷೋಕಿಯ ತೋಟವಲ್ಲ. ಬದುವಿನ ಸೊಪ್ಪಿಗೆ ಬದಲಿ. ಆದರೆ ಬದುವಿನ ಸೊಪ್ಪಿಗೆ ಯಾರೂ ನೀರು ಹಾಕುತ್ತಿರಲಿಲ್ಲ. ಈ ಮಡಿಗೆ ಹಾಕಬೇಕು, ಹಾಕುವವಳು ಮನೆಯಾಕೆಯೇ. ಈ ತೋಟದ ಲಾಭವನ್ನೂ ಅದರ ಬೆಲೆಯನ್ನೂ ಜೊತೆಜೊತೆಗೇ ತೂಗಬೇಕು ಅನ್ನುವುದು ಇದಕ್ಕೇ.

ನಾಲೆ ಬಯಲಿನ ಹಿತ್ತಲಲ್ಲಿ ನೀರು ಕಡಿಮೆ ಅನ್ನುವುದಕ್ಕಿಂತ ನೀರು ನಿಲ್ಲುವುದೇ ತೊಂದರೆ. ಕೆಲವು ಕಡೆ ನೆಲ ಜೌಗಾಗಿ ಚೌಳು ಏರಿದೆ. ಅಂಥ ಕಡೆ ಮಡಿಯನ್ನು ಮುಕ್ಕಾಲು ಅಡಿಯಷ್ಟು ಎತ್ತರಿಸಿ ಏರುಮಡಿ ಮಾಡಿ. ಕಬ್ಬಿನ ಒಣ ತರಗು ಈ ಸೀಮೆಯಲ್ಲಿ ಧಾರಾಳ. ಅದನ್ನು ಸುಡುವ ಬದಲು ಮಡಿಯ ಮೇಲೆ ಹೊದಿಸಿ. ಆಲೆಮನೆಯ ಬೂದಿಯೂ ಗಿಡಕ್ಕೆ ಒಳ್ಳೆಯದು, ಆದರೆ ಬರೀ ಕಬ್ಬಿನ ಸಿಪ್ಪೆ ಉರಿಸಿದ ಒಲೆಯದಾದರೆ ಮಾತ್ರ. ಟೈರು, ಪ್ಲಾಸ್ಟಿಕ್ಕು ಉರಿಸಿದ ಬೂದಿ ತಂದು ಸೊಪ್ಪಿಗೆ ಹಾಕಬೇಡಿ. ಕೇಳಿ ತಿಳಿದುಕೊಂಡೇ ತನ್ನಿ. ಚೌಳು ನೆಲವಾದರೆ ಬೂದಿಯ ಗೋಜೇ ಬೇಡ.

ನೆರಳಿನ ಊರು ಮದ್ದೂರು

ಮಂಡ್ಯದಿಂದ ಬೆಂಗಳೂರು ಕಡೆಗೆ ಸುಮಾರು 20 ಕಿ.ಮೀ. ಬಂದರೆ ಶಿಂಷಾ ನದಿಯ ದಡದ ಮದ್ದೂರು. ವಡೆ ತಿನ್ನದೆ ಮುಂದೆ ಹೋಗಬೇಡಿ. ಈ ವಡೆಯ ರುಚಿಯೆಲ್ಲ ಈರುಳ್ಳಿಯದು. ಇಲ್ಲೇ ಒಂದು ಪಾಠವೂ ಇದೆ. ಈರುಳ್ಳಿ, ಆಲೂಗಡ್ಡೆಯಂಥವು ಮೂರು ನಾಲ್ಕು ತಿಂಗಳು ಜಾಗ ಹಿಡಿದು ಕೂರುತ್ತವೆ, ಕೊನೆಗೆ ಕೊಡುವುದು ಒಂದೇ ಸಲ. ಅಂಗಡಿಯಲ್ಲಿ ವಾರಗಟ್ಟಲೆ ಇಟ್ಟರೂ ಕೆಡದ ಇಂಥ ಪದಾರ್ಥಕ್ಕೆ ನಿಮ್ಮ ಪುಟ್ಟ ಮಡಿಯನ್ನು ಕೊಡಬೇಡಿ. ಅದೇ ವಡೆಗೆ ಬೀಳುವ ಕರಿಬೇವು, ಕೊತ್ತಂಬರಿಯನ್ನು ಬೆಳೆಯಿರಿ. ಬೇಕೆಂದಾಗ ಒಂದು ಎಸಳು ಕಿತ್ತುಕೊಳ್ಳುವ ಸುಖ ಸಂತೆಯಲ್ಲಿ ಸಿಗದು.

ಮದ್ದೂರಿನ ಎಳನೀರು ಮಾರುಕಟ್ಟೆ ಹೆಸರುವಾಸಿಯಾದದ್ದು, ಇಲ್ಲಿಂದ ಲಾರಿಗಟ್ಟಲೆ ಎಳನೀರು ದೂರದೂರಿಗೆ ಹೋಗುತ್ತದೆ. ಸುತ್ತ ಎಲ್ಲಿ ನೋಡಿದರೂ ತೆಂಗು. ಹಿತ್ತಲಲ್ಲಿ ಎರಡು ತೆಂಗಿದ್ದರೆ ಬಿಸಿಲು ಅರ್ಧ ಹೋಯಿತು ಅಂತ ಲೆಕ್ಕ. ಟೊಮೇಟೊ, ಬದನೆ, ಮೆಣಸಿನಕಾಯಿ, ಬೆಂಡೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ನೆರಳಲ್ಲಿ ಹಾಕಿದರೆ ಗಿಡ ಉದ್ದಕ್ಕೆ ಸೊರಗಿ ಬೆಳೆಯುತ್ತದೆ ಅಷ್ಟೆ, ಕಾಯಿ ಕಚ್ಚುವುದಿಲ್ಲ. ಅರೆನೆರಳಿಗೆ ಕೆಸವಿನ ದಂಟು, ಶುಂಠಿ, ಅರಿಶಿನ, ದೊಡ್ಡಪತ್ರೆ, ಬಸಳೆ ಇವೆ. ಜಾಗ ಅಳೆಯುವ ಮೊದಲು ಬಿಸಿಲು ಅಳೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಲ್ಲಿ ಬಿಸಿಲು ಬೀಳುತ್ತದೆಂದು ಒಂದು ದಿನ ಗುರುತು ಮಾಡಿದರೆ ಆಮೇಲಿನ ಎಷ್ಟೋ ಬೇಸರ ತಪ್ಪುತ್ತದೆ.

ಕುಡಿದು ಬಿಸಾಡಿದ ಎಳನೀರು ಬುರುಡೆಯೂ ಉಪಯೋಗಕ್ಕೆ ಬರುತ್ತದೆ. ಸೀಳಿ, ಒಂದು ಮಳೆಗಾಲ ನೆನೆಯಲು ಬಿಟ್ಟು, ಮಡಿಯ ತಳಕ್ಕೆ ಹಾಸಿದರೆ ಅದರ ನಾರು ನೀರನ್ನು ಹಿಡಿದಿಟ್ಟು ನಿಧಾನವಾಗಿ ಬೇರಿಗೆ ಕೊಡುತ್ತದೆ. ಇಡೀ ಬುರುಡೆಯನ್ನು ಮಾತ್ರ ಬಾಯಿ ಮೇಲಾಗಿ ಬಿಡಬೇಡಿ. ಮಳೆನೀರು ನಿಂತರೆ ಡೆಂಗೆ ಸೊಳ್ಳೆಗೆ ತೊಟ್ಟಿಲು ಕಟ್ಟಿಕೊಟ್ಟ ಹಾಗೆ. ನಾಲೆ ಬಂದ ಹೊಸತರಲ್ಲಿ ಮಲೇರಿಯಾದಿಂದ ನರಳಿದ ಸೀಮೆ ಇದು. ನೀರು ತುಂಬಿಡುವ ಡ್ರಮ್ಮಿಗೂ ಮುಚ್ಚಳವಿರಲಿ.

ಮದ್ದೂರು ತಾಲ್ಲೂಕಿನಲ್ಲೇ ಕೊಕ್ಕರೆ ಬೆಳ್ಳೂರಿದೆ. ಬೇಸಿಗೆ ತಿಂಗಳುಗಳಲ್ಲಿ ಹೋದರೆ ಮನೆಗಳ ನಡುವಿನ ಹುಣಸೆ ಮರಗಳ ಮೇಲೆಯೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡಿರುವುದನ್ನು ನೋಡಬಹುದು. ಊರಿನವರು ಅವನ್ನು ಓಡಿಸದೆ ಕಾಪಾಡಿಕೊಂಡು ಬಂದಿದ್ದಾರೆ. 2007ರಲ್ಲಿ ಸರ್ಕಾರವೂ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಮರದಡಿ ಗುಂಡಿ ತೋಡಿ, ಬೀಳುವ ಹಿಕ್ಕೆಯನ್ನು ಕೆರೆಗೋಡಿನೊಂದಿಗೆ ಕಳಿಸಿ ಗೊಬ್ಬರ ಮಾಡುವುದು ಇಲ್ಲಿನ ಹಳೆಯ ರೂಢಿ. ಹಕ್ಕಿಗೂ ಊರಿಗೂ ಇರುವ ನಂಟಿನಲ್ಲಿ ಗೊಬ್ಬರದ ಪಾಲೂ ಇತ್ತು. ಕೋಳಿ ಸಾಕಿರುವವರು ಇದನ್ನು ನೆನಪಿಡಿ. ಹಕ್ಕಿಯ ಗೊಬ್ಬರ ತೀಕ್ಷ್ಣವಾದದ್ದು, ಹಸಿಯಾಗಿ ಹಾಕಿದರೆ ಗಿಡ ಸುಟ್ಟುಹೋಗುತ್ತದೆ. ತಿಪ್ಪೆಯಲ್ಲಿ ಕಳಿಯಲು ಬಿಟ್ಟು, ಮಣ್ಣಿನ ಜೊತೆ ಹಿಡಿಹಿಡಿಯಾಗಿ ಬೆರೆಸಬೇಕು.

ಒಣ ನೆಲದ ಮಳವಳ್ಳಿ

ಮದ್ದೂರಿನಿಂದ ಕೆ.ಎಂ. ದೊಡ್ಡಿ ದಾಟಿ ಮಳವಳ್ಳಿ ಕಡೆಗೆ ಹೊರಟರೆ ಕಬ್ಬಿನ ಗದ್ದೆಗಳು ನಿಮ್ಮ ಜೊತೆಯಲ್ಲೇ ಬರುತ್ತವೆ. ಆದರೆ ಇದು ನಾಲೆಯ ಕೊನೆಯ ಭಾಗ. ನೀರು ಇಲ್ಲಿಗೆ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ, ಎಷ್ಟೋ ಸಲ ಮುಟ್ಟುವುದೇ ಇಲ್ಲ. ನಾಲೆ ತಲುಪದ ಹಳ್ಳಿಗಳಲ್ಲಿ ಕೆಮ್ಮಣ್ಣು, ರಾಗಿ, ಹುರುಳಿ, ಹಿಪ್ಪುನೇರಳೆ. ವಿಚಿತ್ರವೆಂದರೆ ಕಾವೇರಿ ಗಗನಚುಕ್ಕಿಯಾಗಿ ಧುಮುಕುವುದೂ ಇದೇ ತಾಲ್ಲೂಕಿನ ಅಂಚಿನಲ್ಲಿ. ಅಲ್ಲಿ ಶಿವನಸಮುದ್ರದ ನೀರಿನಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಮೇಲಿನ ಹಳ್ಳಿಯ ಹೆಣ್ಣುಮಗಳಿಗೆ ಮಾತ್ರ ಕೊಡ ಹೊರುವುದು ತಪ್ಪಲಿಲ್ಲ.

ಇದೇ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಕುರಿ ಕಾಯುತ್ತಿದ್ದ ಕಾಮೇಗೌಡರು ಬೆಟ್ಟದ ಪಕ್ಕದಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿ ದೇಶಕ್ಕೆಲ್ಲ ಹೆಸರಾದರು. 2022ರಲ್ಲಿ ಅವರು ತೀರಿಕೊಂಡರು. ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯಬೇಕು ಎಂಬ ಅವರ ಬುದ್ಧಿ ಹಿತ್ತಲಿಗೂ ಹೊಂದುತ್ತದೆ. ಮಂಡ್ಯದಲ್ಲಿ ಮಡಿ ಏರಿಸಿದ ಹಾಗೆ ಇಲ್ಲಿ ಏರಿಸಿದರೆ ಎರಡು ದಿನಕ್ಕೆ ಒಣಗಿ ಬಿರುಕು ಬಿಡುತ್ತದೆ. ಇಲ್ಲಿ ಬೇಕಾದದ್ದು ತಗ್ಗುಮಡಿ. ಅರ್ಧ ಅಡಿ ತಗ್ಗಿಸಿ, ಸುತ್ತ ಬದ ಕಟ್ಟಿ, ಮೇಲೆ ಒಣಹುಲ್ಲು ಹೊದಿಸಿದರೆ ಹಾಕಿದ ನೀರು ಅಲ್ಲೇ ಇಂಗುತ್ತದೆ.

ಈಗ ನೀರಿನ ಲೆಕ್ಕ. ಹತ್ತಡಿ ಉದ್ದ ಹತ್ತಡಿ ಅಗಲ, ಅಂದರೆ 100 ಚದರ ಅಡಿ ಮಡಿಗೆ ಬೇಸಿಗೆಯಲ್ಲಿ ದಿನಕ್ಕೆ 40 ಲೀಟರಿನಷ್ಟು ನೀರು ಬೇಕು. ಅದು ಮೂರು ಕೊಡ. ನಲ್ಲಿ ಹಿತ್ತಲಲ್ಲೇ ಇದ್ದರೆ ಮೂರು ಕೊಡ ಒಂದು ಲೆಕ್ಕವೇ ಅಲ್ಲ. ಬೀದಿ ಕೊನೆಯಿಂದ ಹೊರಬೇಕಾದರೆ ಮೂರು ಕೊಡ ಮುನ್ನೂರು ಕೊಡದ ಹಾಗೆ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ತುಂಬಲಿಲ್ಲ. ಅಂಥ ವರ್ಷ ಕುಡಿಯುವ ನೀರಿಗೇ ತತ್ವಾರವಾದಾಗ ಸೊಪ್ಪಿಗೆ ಎಲ್ಲಿಂದ ತರುತ್ತೀರಿ? ಹೊರುವ ನೀರಿನ ಮನೆಯಾದರೆ ಬೇಸಿಗೆಯ ಮೂರು ತಿಂಗಳು ಮಡಿಗೆ ರಜೆ ಕೊಡಿ. ಆ ಕಾಲಕ್ಕೆ ನುಗ್ಗೆ, ಅಗಸೆ, ಕರಿಬೇವಿನಂಥ ಮರಸೊಪ್ಪುಗಳು ಕೈಹಿಡಿಯುತ್ತವೆ. ಬಚ್ಚಲ ನೀರನ್ನು ಬಾಳೆಗೆ, ತೆಂಗಿಗೆ ಬಿಡಿ. ಸೋಪುಪುಡಿ ಕಲೆತ ನೀರು ಸೊಪ್ಪಿನ ಮಡಿಗೆ ಬೇಡ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಸೂರಿನ ನೀರನ್ನು ತೊಟ್ಟಿಗೆ ಹಿಡಿದರೆ ಮಳೆಯ ನಡುವಿನ ಒಣ ದಿನಗಳು ಕಳೆಯುತ್ತವೆ.

ಮಳವಳ್ಳಿಯ ಕಡೆ ರೇಷ್ಮೆ ಸಾಕುವ ಮನೆಗಳಿವೆ. ಹುಳು ತಿಂದು ಬಿಟ್ಟ ಸೊಪ್ಪು, ಹಿಕ್ಕೆ ಎರಡೂ ಕಳಿತರೆ ಬಹಳ ಒಳ್ಳೆಯ ಗೊಬ್ಬರ. ಜೊತೆಗೆ ಒಂದು ಎಚ್ಚರಿಕೆ. ಗಿಡಕ್ಕೆ ಹೇನು ಹತ್ತಿತೆಂದು ಹೊಗೆಸೊಪ್ಪಿನ ಕಷಾಯ ಸಿಂಪಡಿಸುವ ಅಭ್ಯಾಸ ಕೆಲವರಿಗಿದೆ. ಅದು ಗಾಳಿಯಲ್ಲಿ ಪಕ್ಕದ ಹಿಪ್ಪುನೇರಳೆಗೆ ತಾಗಿದರೆ ನೆರೆಮನೆಯ ಹುಳುವೆಲ್ಲ ಸತ್ತು, ಅವರ ಬೆಳೆಯೇ ಹೋದೀತು. ಬೇವಿನ ಕಷಾಯವೂ ಅಷ್ಟೇ, ಹಿಪ್ಪುನೇರಳೆಯ ಹತ್ತಿರ ಬೇಡ. ಹುಳು ಬಿದ್ದ ಎಲೆಯನ್ನು ಕಿತ್ತು ಹಾಕುವುದು, ಹೇನಿಗೆ ನೀರನ್ನು ಜೋರಾಗಿ ಎರಚುವುದು, ಇವೇ ಸಾಕು.

ಕೂಡಿ ಕಳೆದರೆ ಉಳಿಯುವುದೆಷ್ಟು?

ಮೂರೂ ಊರು ನೋಡಿದ್ದಾಯಿತು. ಈಗ ತಕ್ಕಡಿ ಹಿಡಿಯೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2011ರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 300 ಗ್ರಾಂ ತರಕಾರಿ, ಅದರಲ್ಲಿ 50 ಗ್ರಾಂ ಸೊಪ್ಪು ಇರಬೇಕೆಂದಿದೆ. ಬಸುರಿಯರಿಗೆ ಸೊಪ್ಪು 100 ಗ್ರಾಂ. ಐದು ಜನರ ಮನೆಗೆ ವರ್ಷಕ್ಕೆ ಸುಮಾರು 550 ಕಿಲೋ ತರಕಾರಿ ಆಯಿತು. 100 ಚದರ ಅಡಿಯೆಂದರೆ ಒಂಬತ್ತು ಚದರ ಮೀಟರು. ದಂಟು, ಹರಿವೆ ಚೆನ್ನಾಗಿ ಬಂದರೆ ಒಂದು ಕೊಯ್ಲಿಗೆ ಮೀಟರಿಗೊಂದು ಕಿಲೋ. ವರ್ಷಕ್ಕೆ ಏಳೆಂಟು ಸಲ ತೆಗೆದರೂ 60-70 ಕಿಲೋ ಆದೀತು. ಹಾಗಾಗಿ 'ಮನೆಮಂದಿಗೆಲ್ಲ ತರಕಾರಿ' ಎಂಬುದು ನಂಬುವ ಮಾತಲ್ಲ. ಆದರೆ ಮನೆಗೆ ಬೇಕಾದ ಸೊಪ್ಪು ವರ್ಷಕ್ಕೆ 90 ಕಿಲೋ ಇದ್ದರೆ, ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಈ ಮಡಿ ಕೊಡಬಲ್ಲದು. ಬೇಸಿಗೆ ರಜೆ ಕೊಟ್ಟರೆ ಅರ್ಧ ಪಾಲು. ಅದೇನು ಕಡಿಮೆಯೆ? ತರಕಾರಿಯ ಪೈಕಿ ಬೇಗ ಬಾಡುವುದು, ಎಲ್ಲಿ ಯಾವ ನೀರಿನಲ್ಲಿ ಬೆಳೆದದ್ದೋ ಎಂಬ ಅನುಮಾನ ಹೆಚ್ಚಿರುವುದು ಸೊಪ್ಪಿನ ಮೇಲೆಯೇ ಅಲ್ಲವೆ?

ಇನ್ನು ಖರ್ಚಿನ ಕಡೆ. ಬೀಜಕ್ಕೆ ಹೆಚ್ಚು ಬೇಡ. ಗೊಬ್ಬರ ಮೊದಲ ಸಲ ನಾಲ್ಕು ಮಂಕರಿ. ಮಣ್ಣು ಆಳಕ್ಕೆ ಅಗೆಯುವುದು ಗಟ್ಟಿ ಆಳಿಗೆ ಒಂದು ದಿನದ ಕೆಲಸ, ಅದನ್ನು ಹೆಂಗಸರು ಒಬ್ಬರೇ ಮಾಡಲು ಹೋಗಬೇಡಿ. ಆದರೆ ನಿಜವಾದ ಖರ್ಚು ಹೊತ್ತು. ದಿನಕ್ಕೆ ಅರ್ಧ ಗಂಟೆ ಎಂದರೂ ವರ್ಷಕ್ಕೆ 180 ಗಂಟೆ. ಕೂಲಿ ಲೆಕ್ಕದಲ್ಲಿ ಇಪ್ಪತ್ತೆರಡು ದಿನದ ದುಡಿಮೆ. ಇದನ್ನು 'ಮನೆಯಲ್ಲೇ ಇರ್ತಾಳಲ್ಲ, ಮಾಡ್ಕೋತಾಳೆ' ಎಂದು ಪುಕ್ಕಟೆಗೆ ಸೇರಿಸಿದರೆ ಯಾವ ತೋಟವಾದರೂ ಲಾಭದ್ದಾಗಿಯೇ ಕಾಣುತ್ತದೆ. ಮಳವಳ್ಳಿಯಲ್ಲಿ ಒಬ್ಬ ಸೊಸೆ ನಗುತ್ತಾ ಹೇಳಿದಳು: "ತವರಿಗೆ ನಾಕು ದಿನ ಹೋದ್ರೆ ಮಕ್ಕಳು ಬದುಕಿರ್ತವೆ ಅಕ್ಕ, ಸೊಪ್ಪು ಬದುಕಿರಕಿಲ್ಲ." ನಗುವ ಮಾತಲ್ಲ ಇದು. ಕೋಳಿ ಕೆದಕುವುದು, ಹೆಗ್ಗಣ ತೋಡುವುದು, ಕೋತಿ ಕಿತ್ತುಹಾಕುವುದು ಇವೆಲ್ಲಕ್ಕಿಂತ ಮಡಿಗಳು ಹೆಚ್ಚಾಗಿ ಸಾಯುವುದು ಮನೆಯಲ್ಲಿ ಇನ್ನೊಂದು ಕೈ ಇಲ್ಲದೆ.

ಬೆರಕೆ ಸೊಪ್ಪಿನ ಬಸ್ಸಾರು

ಮಡಿಯಲ್ಲಿ ಒಂದೇ ಸೊಪ್ಪು ಪೂರ್ತಿ ಸಿಗದಿದ್ದರೂ ಚಿಂತೆಯಿಲ್ಲ. ದಂಟು, ಸಬ್ಬಸಿಗೆ, ಗಣಿಕೆ, ನುಗ್ಗೆ ಯಾವುದಿದ್ದರೂ ಒಟ್ಟು ಎರಡು ಕಟ್ಟಿನಷ್ಟು ಆಯ್ದು ತೊಳೆದು ಹೆಚ್ಚಿಡಿ. ಒಂದು ಲೋಟ ಹೆಸರುಕಾಳನ್ನು ಹೆಚ್ಚು ನೀರಿಟ್ಟು ಬೇಯಿಸಿ, ಮುಕ್ಕಾಲು ಬೆಂದಾಗ ಸೊಪ್ಪು, ಉಪ್ಪು ಹಾಕಿ, ಬೆಂದ ಮೇಲೆ ಕಟ್ಟನ್ನು ಬಸಿದುಕೊಳ್ಳಿ. ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಐದಾರು ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸನ್ನು ಹುರಿದು, ಹಿಡಿ ಕಾಯಿತುರಿ, ಹುಣಸೆಹಣ್ಣು, ಒಂದು ಹಿಡಿ ಬೆಂದ ಸೊಪ್ಪುಕಾಳಿನ ಜೊತೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿ, ಒಗ್ಗರಣೆ ಕೊಡಿ. ಉಳಿದ ಸೊಪ್ಪುಕಾಳಿಗೆ ಈರುಳ್ಳಿ ಒಗ್ಗರಣೆ, ಕಾಯಿತುರಿ ಹಾಕಿದರೆ ಪಲ್ಯ. ಒಂದೇ ಸೊಪ್ಪಿನಿಂದ ಸಾರು ಪಲ್ಯ ಎರಡೂ ಆಯಿತು. ಬಿಸಿ ಮುದ್ದೆಗೆ ಇನ್ನೇನು ಬೇಕು?

ಹಾಗಾದರೆ ಮಾಡಬೇಕೋ, ಬೇಡವೋ?

ನೀರು ಕೈಗೆಟುಕುವ ಹಾಗಿದ್ದು, ಆರು ಗಂಟೆ ಬಿಸಿಲು ಬಿದ್ದು, ಮನೆಯಲ್ಲಿ ಇನ್ನೊಬ್ಬರು ಕೈಗೂಡಿಸುವುದಾದರೆ ಖಂಡಿತ ಮಾಡಿ. ನೀರು ಹೊರಬೇಕು, ಕೈಗೂಸಿದೆ, ಎಲ್ಲ ನಿಮ್ಮ ತಲೆಯ ಮೇಲೇ ಎಂದಾದರೆ ಒಂದು ನುಗ್ಗೆ, ಒಂದು ಕರಿಬೇವು, ಬಚ್ಚಲ ಬಳಿ ಒಂದು ಬಾಳೆ ನೆಟ್ಟು ಸುಮ್ಮನಿರಿ. ಅದರಲ್ಲಿ ಅವಮಾನವೇನಿಲ್ಲ.

ಮಾಡುವವರು 100 ಚದರ ಅಡಿಯಿಂದ ಶುರು ಮಾಡಬೇಡಿ. ನಾಲ್ಕಡಿಗೆ ಆರಡಿಯ ಒಂದೇ ಮಡಿ ಸಾಕು. ಆಯುಧಪೂಜೆ ಮುಗಿದು ಮಳೆ ಹಿಂದೆಗೆಯುವ ಹೊತ್ತು ಇದಕ್ಕೆ ಒಳ್ಳೆಯ ಕಾಲ. ನೆಲ ಇನ್ನೂ ಹಸಿ ಇರುತ್ತದೆ, ಬಿಸಿಲು ಹಿತವಾಗಿರುತ್ತದೆ. ಮೂರು ಭಾಗ ಮಾಡಿ, ಹದಿನೈದು ದಿನದ ಅಂತರದಲ್ಲಿ ಮೆಂತ್ಯ, ದಂಟು, ಸಬ್ಬಸಿಗೆ ಬಿತ್ತುತ್ತಾ ಹೋಗಿ. ಎಲ್ಲ ಒಂದೇ ದಿನ ಬಿತ್ತಿದರೆ ಒಂದು ವಾರ ಸೊಪ್ಪೋ ಸೊಪ್ಪು, ಆಮೇಲೆ ಬರಿ ಮಣ್ಣು. ಬಿತ್ತುವ ಮೊದಲೇ ಮನೆಯವರನ್ನೆಲ್ಲ ಕೂರಿಸಿಕೊಂಡು, ವಾರದಲ್ಲಿ ಮೂರು ದಿನವಾದರೂ ನೀರು ಹಾಕುವವರು ಯಾರೆಂದು ಗೊತ್ತು ಮಾಡಿಕೊಳ್ಳಿ. ಯಜಮಾನರಿರಲಿ, ಮಗನಿರಲಿ, ಒಬ್ಬರು ಒಪ್ಪಿಕೊಂಡ ಮೇಲೆಯೇ ಬೀಜ ತನ್ನಿ.